ಆಂಡ್ ಸನ್ಸ್

ಹುಬ್ಬಳ್ಳಿಯಿಂದ ಮಧ್ಯಾಹ್ನದ ಬಸ್ಸಿಗೆ ಹಾಕಿದ್ದರು
ಐನೂರು ಲೇಬಲ್ಲು, ಒಂದೇ ಸುರುಳಿ.
ಅಂಕೋಲೆ ಸ್ಟ್ಯಾಂಡಿನಲ್ಲಿ ಕಂಡಕ್ಟರು ಇಳಿಸಿಕೊಟ್ಟು
"ಏನಕ್ಕಾ ಇದು, ಇಷ್ಟು ಹಗುರ?" ಅಂದ.
ಹೆಸರು, ಅಂದೆ. ನಕ್ಕ.
ಲಗೇಜಿನ ನಲವತ್ತು ರೂಪಾಯಿ ಮಾತ್ರ ಬಿಡಲಿಲ್ಲ.

ನಲವತ್ತೆರಡು ವರ್ಷ ಈ ಅಂಗಡಿಯಲ್ಲಿ
ಮಾರಿದ್ದೆಲ್ಲ ಬೇರೆಯವರ ಹೆಸರು:
ಕೊಲ್ಲಾಪುರದ ಚಹಾಪುಡಿ, ಸಾಂಗ್ಲಿಯ ಅರಿಶಿಣ,
ಊರೇ ಗೊತ್ತಿಲ್ಲದ ಸೋಪು.
ಕ್ಯಾಲೆಂಡರು ಅವರದು, ಗೋಡೆ ನಮ್ಮದು.

ಹೆಸರಿಲ್ಲದ್ದು ಒಂದೇ ಇತ್ತು,
ಹಾರವಾಡದ ಮೋತಿ ಶನಿವಾರಕ್ಕೊಮ್ಮೆ ತರುವ
ಒಣ ಶೆಟ್ಲಿಯ ಚಟ್ನಿಪುಡಿ.
ಬಿಸ್ಕೀಟಿನ ಹಳೇ ಡಬ್ಬಿಯಲ್ಲಿ ತಂದು
ಗಲ್ಲಾಪೆಟ್ಟಿಗೆಯ ಹಿಂದೆ, ನನ್ನ ಕಾಲಬುಡದಲ್ಲಿಟ್ಟು ಹೋಗುತ್ತಿದ್ದಳು.
ಕೇಳಿದವರಿಗೆ ಮಾತ್ರ, ಪೇಪರಿನಲ್ಲಿ ಕಟ್ಟಿ.
ಜನ ಕರೆಯುತ್ತಿದ್ದುದೇ ಅದನ್ನು "ಅದು" ಅಂತ.
ಅದು ಬಂತಾ? ಅದು ಇದೆಯಾ?
ಅರಗಾದ ನೇವಿ ಹುಡುಗರಿಗೆ ಬರುತ್ತಿದ್ದ
ಒಂದೇ ಕನ್ನಡ ಶಬ್ದ:
ಅದು.

ಅದಕ್ಕೀಗ ಬಾಟಲಿ ಬಂದಿದೆ, ಮುಚ್ಚಳ ಬಂದಿದೆ,
ಪರವಾನಗಿಯ ಹದಿನಾಲ್ಕು ಅಂಕೆ ಬಂದಿದೆ.
ಉಪ್ಪು ಎಷ್ಟು, ಮೆಣಸು ಎಷ್ಟು, ಬರೆಯಬೇಕಂತೆ.
ಮೋತಿಯನ್ನು ಕೇಳಿದರೆ ಕೈ ಮುಂದೆ ಹಿಡಿದಳು:
"ಇಷ್ಟು."
ಅವಳ ಅಂಗೈಗುಳಿಯನ್ನು ಗ್ರಾಮಿಗಿಳಿಸಲು
ಎರಡು ಶನಿವಾರ ಹೋಯಿತು.
ಮೂರು ಸಲಕ್ಕೆ ಮೂರು ಉತ್ತರ ಕೊಟ್ಟಿತು ತಕ್ಕಡಿ,
ನಡುವಿನದನ್ನು ಬರೆದೆ.

ಮೇಲೆ ದೊಡ್ಡ ಅಕ್ಷರದಲ್ಲಿ, ಬೋರ್ಡಿನದೇ:
ಬಾಂದೇಕರ ಆಂಡ್ ಸನ್ಸ್.
ಅಪ್ಪ ಬರೆಸಿದ್ದು, ನಾನು ಹುಟ್ಟುವ ಮೊದಲು.
ಆಮೇಲೆ ಹುಟ್ಟಿದ್ದು ಎರಡು, ಎರಡೂ ಹೆಣ್ಣು.
ಪೇಂಟರಿಗೆ ಕೊಟ್ಟದ್ದು ದಂಡವಾಗಬಾರದೆಂದು
ಹಾಗೇ ಬಿಟ್ಟರು.
ದಿನಾ ಆ ಎರಡು ಶಬ್ದಗಳ ಕೆಳಗೆ ಬಗ್ಗಿ
ಶಟರಿನ ಬೀಗಕ್ಕೆ ಎಣ್ಣೆ ಬಿಡುವವಳು ನಾನು.
ಚೆಕ್ಕಿನ ಮೇಲೂ ನಾನೇ ಸನ್ಸು,
ಸಾಲದ ಕಾಗದದ ಮೇಲೂ.

ಅದಕ್ಕೇ ಇರಬೇಕು,
ಕೆಳಗೊಂದು ಗೆರೆ ಖಾಲಿ ಬಿಡಿಸಿದ್ದೆ:
ತಯಾರಿಸಿದವರು, ಮುಂದೆ ಚುಕ್ಕಿಚುಕ್ಕಿ.
ಅಲ್ಲಿ ಮೋತಿ ಹರಿಕಂತ್ರ ಎಂದು ನನ್ನ ಕೈಯಾರೆ ಬರೆಯಲು
ಒರೆಸಿದರೂ ಹೋಗದ ಪೆನ್ನು ತಂದಿಟ್ಟುಕೊಂಡು
ನನ್ನ ದೊಡ್ಡತನಕ್ಕೆ ನಾನೇ ಸ್ವಲ್ಪ ಉಬ್ಬಿದ್ದೆ.

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು.
ಚಟ್ನಿಯನ್ನಲ್ಲ, ಮುಚ್ಚಳ ನೋಡಿದಳು, ತಿರುಗಿಸಿ, ತಿರುಗಿಸಿ.
"ಬ್ಯಾಡ ತಂಗಿ.
ಮಳೆಗಾಲದಲ್ಲಿ ಒಂದ್ ಬಾಟ್ಲಿ ಮುಗ್ಗಿದ್ರೆ
ಬೈಯೂಕೆ ಜನಕ್ಕೆ ಒಂದ್ ಹೆಸ್ರು ಬೇಕಲ್ಲ,
ಅದು ನಿನ್ನ ಸನ್ಸೇ ಆಗ್ಲಿ.
ಅಂಟು ನಿಂದು, ಘಾಟು ನಂದು.
ಕಾರವಾರದ ಅಂಗಡಿಯವನೊಬ್ಬ ಕೇಳ್ತಾ ಇದ್ದ,
ಅವನಿಗೂ ಕೊಡೂಕಿದೆ.
ಅವನ ಚೀಟಿ ಅವ ಅಂಟಿಸ್ಕೊಳ್ಲಿ.
ಮತ್ತೆ, ಬಾಟ್ಲಿ ತುಂಬೂಕೆ ಎಂಟು ರೂಪಾಯಿ ಹೆಚ್ಚು."

ಎಂಟಕ್ಕೆ ಏಳು ಅಂದೆ. ಒಪ್ಪಲಿಲ್ಲ.

ರಾತ್ರಿ ಹನ್ನೊಂದರ ತನಕ ಅಂಟಿಸಿದೆ.
ಮೊದಲಿನವು ಸೊಟ್ಟ, ಗುಳ್ಳೆಗುಳ್ಳೆ;
ಇಪ್ಪತ್ತು ದಾಟಿದ ಮೇಲೆ ಬೆರಳಿಗೆ ಹದ ಸಿಕ್ಕಿತು.
ಚುಕ್ಕಿಗಳ ಮೇಲೆ ಏನೂ ಬರೆಯಲಿಲ್ಲ.
ಸೀಲೊತ್ತಿದೆ.

ಬೆಳಿಗ್ಗೆ ಮೊದಲ ಗಿರಾಕಿ, ಅವರ್ಸೆಯ ರಿಟಾಯರ್ಡ್ ಮಾಸ್ತರು.
"ಅದು ಇದೆಯಾ?"
ಬಾಟಲಿ ಮುಂದಿಟ್ಟೆ.
ಕನ್ನಡಕ ಏರಿಸಿ ಸುತ್ತಲೂ ಓದಿದರು,
ಒಂದು ಕಾಗುಣಿತದ ತಪ್ಪು ಹಿಡಿದರು,
ಮೆಲ್ಲಗೆ ಹಿಂದೆ ಸರಿಸಿದರು.
"ಇದಲ್ಲ. ಅದು."

ಕಾಲಬುಡಕ್ಕೆ ಬಗ್ಗಿದೆ.
ಡಬ್ಬಿಯ ತಳದಲ್ಲಿ ಕಾಲು ಕೇಜಿ ಉಳಿದಿತ್ತು,
ಅದೇ ಶನಿವಾರದ್ದು, ಅದೇ ಕೈಯದ್ದು.
ನಿನ್ನೆಯ ಪೇಪರಿನಲ್ಲಿ ಕಟ್ಟಿ
ಬಾಟಲಿಯ ರೇಟು ಹೇಳಿದೆ.

ಕೊಟ್ಟರು.